ಬೀಜದ ಪೊಟ್ಟಣ

ಹೂವನ್ನು ಮೆಚ್ಚದವರು ಲೋಕದಲ್ಲಿ ವಿರಳ. ಹೂವಿನ ಬೀಜವನ್ನು ಮೆಚ್ಚುವವರೂ ಅಷ್ಟೇ ವಿರಳ. ಪೆಟೂನಿಯಾದ ಬೀಜವನ್ನು ಅಂಗೈಯಲ್ಲಿಟ್ಟು ನೋಡಿದರೆ ನಶ್ಯದ ಪುಡಿಯೇ ಸರಿ. ಸಂಜೆಮಲ್ಲಿಗೆಯದು ಕಾಳುಮೆಣಸಿನಂತೆ ಕಪ್ಪು, ಸುಕ್ಕು. ಚೆಂಡುಹೂವಿನದು ತುದಿ ಸುಟ್ಟ ಕಡ್ಡಿಯ ಚೂರು. ಬಣ್ಣವಿಲ್ಲ, ಪರಿಮಳವಿಲ್ಲ, ಕಣ್ಣನ್ನು ಸೆಳೆಯುವ ರೂಪವೂ ಇಲ್ಲ. ಆದುದರಿಂದಲೇ ಅರಳಿ ನಿಂತ ಗಿಡವನ್ನು ಕುಂಡದ ಸಮೇತ ಕೊಂಡು ತರುವವರು ಹೆಚ್ಚು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಕೊಂಡು ತಂದ ಗಿಡಕ್ಕೆ ನಾವು ಒಡೆಯರಾಗುತ್ತೇವೆ. ಬಿತ್ತಿ ಬೆಳೆಸಿದ ಗಿಡಕ್ಕೆ ಬಂಧುಗಳಾಗುತ್ತೇವೆ. ಬಿತ್ತಿದವನಿಗೆ ಹಂಚುವುದೂ ಅನಿವಾರ್ಯವಾಗುತ್ತದೆ. ಹಂಚಿದುದೇ ಕೊನೆಗೆ ಉಳಿಯುತ್ತದೆ. ಈ ಮಾತನ್ನು ನಮ್ಮ ವಿದ್ಯಾರ್ಥಿಮಿತ್ರರ ಮುಂದೆ ಇಡಬೇಕೆಂದು ಈ ಲೇಖನ.

ಪುಣೆಯ ಹವೆ ಹೂವಿನ ಬಿತ್ತನೆಗೆ ಬಹಳ ಅನುಕೂಲವಾದುದು. ಇಲ್ಲಿ ವರ್ಷಕ್ಕೆ ಎರಡು ಸಲ ಬಿತ್ತುವ ಅವಕಾಶವಿದೆ. ಮೃಗಶಿರಾ ಮಳೆ ಹಿಡಿದೊಡನೆ ಮೊದಲನೆಯದು. ಧಾರವಾಡದ ಕಡೆಯ ಒಕ್ಕಲಿಗನು ‘ಮಿರಗ’ ಎನ್ನುವುದನ್ನೇ ಇಲ್ಲಿಯ ಶೇತಕರಿಯು ‘ಮೃಗ’ ಎನ್ನುತ್ತಾನೆ. ಇಬ್ಬರೂ ನೋಡುವುದು ಒಂದೇ ಮುಗಿಲನ್ನು. ಆಗ ಚೆಂಡುಹೂ, ಕರ್ಣಕುಂಡಲ, ಕೋಳಿಜುಟ್ಟು, ಜೀನಿಯಾ, ಕಾಸ್ಮಾಸ್ ಇವನ್ನು ಹಾಕಿದರೆ ಗಣೇಶೋತ್ಸವದಿಂದ ದಸರೆಯವರೆಗೆ ಹೂವಿಗೆ ಕೊರತೆಯಿಲ್ಲ. ಗಣಪತಿಯನ್ನು ಕಳುಹಿಸಿ, ಮಳೆ ಹಿಂದೆಗೆದ ಮೇಲೆ ಎರಡನೆಯ ಬಿತ್ತನೆ. ಫ್ಲಾಕ್ಸ್, ಪೆಟೂನಿಯಾ, ಡಯಾಂಥಸ್, ಪ್ಯಾನ್ಸಿ ಇವು ಚಳಿಯನ್ನು ಬಯಸುವ ಹೂಗಳು. ಇವುಗಳ ವೈಭವವನ್ನು ನೋಡಬೇಕಾದರೆ ಜನವರಿಯಲ್ಲಿ, ಗಣರಾಜ್ಯ ದಿನದ ಸುಮಾರಿಗೆ, ಎಂಪ್ರೆಸ್ ಗಾರ್ಡನ್ನಿನ ಪುಷ್ಪಪ್ರದರ್ಶನಕ್ಕೆ ಹೋಗಬೇಕು. 1830ರಲ್ಲಿ ಹುಟ್ಟಿದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿ ಆಫ್ ವೆಸ್ಟರ್ನ್ ಇಂಡಿಯಾ ಎಂಬ ಸಂಸ್ಥೆಯು ಆ ಉದ್ಯಾನವನ್ನು ನೋಡಿಕೊಳ್ಳುತ್ತಿದೆ. ಅಲ್ಲಿ ಬಹುಮಾನದ ಚೀಟಿ ಅಂಟಿಸಿಕೊಂಡು ನಿಂತ ಚಳಿಗಾಲದ ಹೂಗಳೆಲ್ಲ ಮೂರು ನಾಲ್ಕು ತಿಂಗಳ ಹಿಂದೆ ಯಾರದೋ ಅಂಗೈಯ ಮೇಲಿನ ಪುಡಿಯಾಗಿದ್ದವು ಎಂಬುದನ್ನು ನೋಡುವವರು ನೆನೆಯಬೇಕು.

ಬಿತ್ತುವ ಕೆಲಸಕ್ಕೆ ವಿಶೇಷ ಸಲಕರಣೆ ಬೇಡ. ಅಡಿಯಲ್ಲಿ ತೂತು ಮಾಡಿದ ತೆಂಗಿನ ಕರಟವಾಗಲಿ ತೊಳೆದ ಹಾಲಿನ ಪೊಟ್ಟಣವಾಗಲಿ ಸಾಕು. ಪುಣೆಯ ಕಪ್ಪು ಮಣ್ಣು ನೀರು ಕುಡಿದರೆ ಅಂಟು, ಒಣಗಿದರೆ ಕಲ್ಲು. ಆದುದರಿಂದ ಅದಕ್ಕೆ ಮರಳನ್ನೂ ಚೆನ್ನಾಗಿ ಕಳಿತ ಗೊಬ್ಬರವನ್ನೂ ಬೆರೆಸಿ ಹಗುರ ಮಾಡಬೇಕು. ಬೀಜವನ್ನು ಅದರ ದಪ್ಪದ ಎರಡರಷ್ಟು ಆಳಕ್ಕೆ ಮುಚ್ಚಿದರೆ ಸರಿ. ಪೆಟೂನಿಯಾದಂಥ ಪುಡಿಬೀಜಕ್ಕೆ ಬೆಳಕು ಬೇಕಾದುದರಿಂದ ಅದನ್ನು ಮುಚ್ಚಲೇಬಾರದು, ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರಾಯಿತು. ಶಂಖಪುಷ್ಪದ ಬೀಜಕ್ಕೆ ಸಿಪ್ಪೆ ಗಟ್ಟಿ. ಅದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಡಬೇಕು. ಸುತ್ತಲೂ ಬೂದಿ ಎರಚಿದರೆ ಇರುವೆ ಸುಲಭವಾಗಿ ಹತ್ತಿರ ಸುಳಿಯದು. ಎಳೆಯ ಸಸಿಗೆ ಬಿಸಿಲಿಗಿಂತ ಹೆಚ್ಚಿನ ಶತ್ರು ಅತಿಯಾದ ನೀರು. ಬುಡ ಸದಾ ಒದ್ದೆಯಾಗಿದ್ದರೆ ಬೂಷ್ಟು ಹಿಡಿದು, ಸಂಜೆ ನೆಟ್ಟಗೆ ನಿಂತಿದ್ದ ಸಸಿಗಳು ಬೆಳಗಾಗುವುದರೊಳಗೆ ಸಾಲಾಗಿ ಮಲಗಿಬಿಡುತ್ತವೆ.

ಚೆಂಡುಹೂವೂ ಜೀನಿಯಾವೂ ನಾಲ್ಕೈದು ದಿನಗಳಲ್ಲಿ ತಲೆಯೆತ್ತುತ್ತವೆ. ಕರ್ಣಕುಂಡಲಕ್ಕೆ ಒಂದು ವಾರ ಬೇಕು. ಫ್ಲಾಕ್ಸ್ ಇನ್ನೂ ಸಾವಕಾಶ. ಮೊದಲು ಬರುವ ಎರಡು ಎಲೆಗಳು ಬೀಜದೊಳಗೇ ಮಡಿಚಿಟ್ಟವು. ಗಿಡದ ನಿಜವಾದ ಎಲೆ ಅವುಗಳ ನಡುವೆ ಆಮೇಲೆ ಹುಟ್ಟುತ್ತದೆ. ಆ ಎಲೆ ಎರಡು ಮೂರು ಆದಾಗ ಸಸಿಯನ್ನು ಕಿತ್ತು ಬೇರೆಡೆ ನೆಡಬೇಕು. ಬಿತ್ತಿದವನ ಕಷ್ಟ ಆರಂಭವಾಗುವುದು ಇಲ್ಲಿಂದ. ಒಂದು ಚಿಟಿಕೆ ಬೀಜದಿಂದ ಅರುವತ್ತು ಸಸಿ ಎದ್ದಿವೆ; ಬಾಲ್ಕನಿಯಲ್ಲಿ ಸ್ಥಳವಿರುವುದು ಹತ್ತಕ್ಕೆ. ಉಳಿದ ಐವತ್ತನ್ನು ಎಸೆಯಲು ಯಾರಿಗೆ ಮನಸ್ಸು ಬಂದೀತು? ಹೀಗೆ ಲೋಭಿಯೂ ದಾನಿಯಾಗಬೇಕಾಗುತ್ತದೆ. ಮೇಲಿನ ಅಂತಸ್ತಿನವರಿಗೆ ಐದು, ಎದುರು ಮನೆಯವರಿಗೆ ಐದು, ಹಾಲು ತರುವವನಿಗೆ ಎರಡು. ಹಾಗೆ ಹೋದುದು ಬರಿದೆ ಹೋಗುವುದಿಲ್ಲ. ಎಂಟು ದಿನದಲ್ಲಿ ಆ ಮನೆಗಳಿಂದ ಮಲ್ಲಿಗೆಯ ಒಂದು ಕಡ್ಡಿಯೋ ದಾಸವಾಳದ ಒಂದು ರೆಂಬೆಯೋ ನಮ್ಮ ಮನೆಗೆ ಬರುತ್ತದೆ. ಕದ್ದು ತಂದ ಗಿಡ ಬೇಗ ಹತ್ತುತ್ತದೆ ಎಂಬ ಮಾತೊಂದು ನಮ್ಮ ಹಿರಿಯರಲ್ಲಿ ಪ್ರಚಾರದಲ್ಲಿದೆ. ಕೇಳಿದರೆ ಕೊಡುವ ನೆರೆಹೊರೆಯಲ್ಲಿ ಬಾಳಿದವನಿಗೆ ಅದನ್ನು ಪರೀಕ್ಷಿಸುವ ಸಂದರ್ಭವೇ ಬರಲಿಲ್ಲ.

ಪುಣೆಯಲ್ಲಿ ಹುಟ್ಟಿ ಬೆಳೆದ ಕನ್ನಡ ಮಕ್ಕಳಿಗೆ ಈ ಕೊಡುಕೊಳ್ಳುವಿಕೆಯಿಂದ ಇನ್ನೊಂದು ಲಾಭವುಂಟು. ಗಿಡದೊಡನೆ ಹೆಸರೂ ಹೊಸ್ತಿಲು ದಾಟುತ್ತದೆ. ನಮ್ಮ ಚೆಂಡುಹೂ ಇಲ್ಲಿಯ ಝೇಂಡು. ನಮ್ಮ ಸೇವಂತಿಗೆ ಇಲ್ಲಿಯ ಶೇವಂತಿ. ನಮ್ಮ ಅಬ್ಬಲಿಗೆ ಇಲ್ಲಿಯ ಅಬೋಲಿ. ಇವು ಅಕ್ಕತಂಗಿಯರಂತೆ ಮುಖದಿಂದಲೇ ಗುರುತು ಸಿಗುತ್ತವೆ. ಸಂಜೆಮಲ್ಲಿಗೆಯು ಗುಲಬಕ್ಷಿ ಆಗುವಾಗ ಮಾತ್ರ ಹೆಸರೇ ಬೇರೆ. ಶಂಖಪುಷ್ಪಕ್ಕೆ ಮರಾಠಿಯಲ್ಲಿ ಗೋಕರ್ಣ ಎಂದು ಹೆಸರು. ಅದನ್ನು ಮೊದಲು ಕೇಳಿದ ಕನ್ನಡ ಹುಡುಗನು ಕಡಲತೀರದ ಮಹಾಬಲೇಶ್ವರನ ಊರು ಬಳ್ಳಿಯ ಮೇಲೆ ಅರಳಿತೇ ಎಂದು ಬೆರಗಾಗುವುದು ಸಹಜ. ಇನ್ನು ನಮ್ಮದು ತಮ್ಮದು ಎಂದು ವಾದಿಸುವವರಿಗೆ ಚೆಂಡುಹೂವೇ ಉತ್ತರ ಹೇಳುತ್ತದೆ. ದಸರೆಯ ದಿನ ಪುಣೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಅದರ ಮಾಲೆಯಿಲ್ಲದ ಬಾಗಿಲು ಕಾಣುವುದು ಕಷ್ಟ. ಆದರೆ ಅದರ ಮೂಲ ಮೆಕ್ಸಿಕೋ ಸೀಮೆ. ಜೀನಿಯಾ, ಕಾಸ್ಮಾಸ್, ಡೇಲಿಯಾಗಳೂ ಅಲ್ಲಿಯವೇ. ಕೈಯಿಂದ ಕೈಗೆ ಸಾಗಿ ಸಮುದ್ರ ದಾಟಿ ಬಂದ ಅತಿಥಿಗಳು ಇಂದು ಮನೆಯವರೇ ಆಗಿದ್ದಾರೆ.

ಹಂಚುವುದು ಕೇವಲ ಸೌಜನ್ಯವಲ್ಲ, ರಕ್ಷಣೆಯೂ ಹೌದು ಎಂಬುದನ್ನು ನಾನು ಕಲಿತದ್ದು 1961ರಲ್ಲಿ. ನಮ್ಮ ತಾಯಿ ಮದುವೆಯಾಗಿ ಧಾರವಾಡದಿಂದ ಮೀಟರ್ ಗೇಜ್ ರೈಲಿನಲ್ಲಿ ಪುಣೆಗೆ ಬಂದಾಗ ಅವಳ ಟ್ರಂಕಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಅದರಲ್ಲಿ ಅಜ್ಜಿ ಕಟ್ಟಿಕೊಟ್ಟ ಹೂವಿನ ಬೀಜಗಳು. ಅವುಗಳಲ್ಲಿ ತಾಯಿಗೆ ಬಹಳ ಪ್ರಿಯವಾದುದು ಒಂದು ಕರ್ಣಕುಂಡಲ: ಬಿಳಿಯ ಹೂ, ಸುತ್ತಿನ ಮೇಲೆ ಸುತ್ತು ಎಸಳು, ಅದರ ಮೇಲೆ ಕುಂಕುಮ ಸಿಡಿದಂತೆ ಚುಕ್ಕೆ. ಈ ಗಿಡದ ಕಾಯಿ ಬಲಿತಾಗ ಬೆರಳು ತಗುಲಿದರೆ ಸಾಕು, ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಇದಕ್ಕಾಗಿಯೇ ಸಸ್ಯಶಾಸ್ತ್ರಜ್ಞರು ಅದರ ಕುಲಕ್ಕೆ ಇಂಪೇಶಿಯನ್ಸ್, ಅಂದರೆ ತಾಳ್ಮೆಗೆಟ್ಟದ್ದು, ಎಂದು ಹೆಸರಿಟ್ಟಿದ್ದಾರೆ. ಮಹಾರಾಷ್ಟ್ರದಲ್ಲಿ ಇದು ತೇರಡಾ. ಭಾದ್ರಪದದಲ್ಲಿ ಹಲವು ಮನೆಗಳಲ್ಲಿ ತೇರಡೆಯ ಗಿಡಗಳನ್ನೇ ಬೇರುಸಹಿತ ತಂದು ಗೌರಿಯೆಂದು ಪೂಜಿಸುತ್ತಾರೆ. ನಮ್ಮ ವಾಡೆಯಲ್ಲಿಯೇ ಇದ್ದ ಮರಾಠಿ ಗೃಹಿಣಿಯೊಬ್ಬರು ಆ ಹೂವನ್ನು ಕಂಡು ಮೋಹಗೊಂಡರು. ಅವರು ಪರ್ವತಿಯ ಬುಡದ ಹೊಸ ಮನೆಗೆ ಹೋಗುವಾಗ ತಾಯಿ ಒಂದು ಚಿಟಿಕೆ ಬೀಜವನ್ನು ಕಾಗದದಲ್ಲಿ ಕಟ್ಟಿಕೊಟ್ಟಿದ್ದಳು.

ನಾವಿದ್ದುದು ನಾರಾಯಣ ಪೇಠೆಯಲ್ಲಿ, ಹೊಳೆಗೆ ಸಮೀಪ, ನೆಲಮಹಡಿಯಲ್ಲಿ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆಯಿತು. ಆ ನೀರಿನ ಭಾರಕ್ಕೆ ಖಡಕವಾಸಲೆಯ ಹಳೆಯ ಕಟ್ಟೆಯೂ ಬಿರಿಯಿತು. ಮುಠಾ ನದಿ ಊರೊಳಗೆ ನುಗ್ಗಿತು. ಅಂದು ಪುಣೆ ಕಳೆದುಕೊಂಡ ಜೀವಗಳ ಮುಂದೆ ಒಂದು ಬೀಜದ ಡಬ್ಬಿ ಲೆಕ್ಕಕ್ಕೆ ಬಾರದು. ನಾವು ಪ್ರಾಣ ಉಳಿಸಿಕೊಂಡು ನೆಂಟರ ಮನೆ ಸೇರಿದೆವು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಕೋಣೆಯಲ್ಲಿ ಮೊಣಕಾಲುದ್ದ ಕೆಸರು. ಅಂಗಳದ ಎಳೆಯ ಸಸಿಗಳೂ ಇಲ್ಲ, ಕಪಾಟಿನ ಡಬ್ಬಿಯೂ ಇಲ್ಲ. ಪಾತ್ರೆಪಗಡೆಗಳಿಗಾಗಿ ತಾಯಿ ಅತ್ತುದನ್ನು ನಾನು ಕಾಣೆ. ಡಬ್ಬಿಯಿದ್ದ ಜಾಗದಲ್ಲಿ ಮಾತ್ರ ಬಹಳ ಹೊತ್ತು ನಿಂತಿದ್ದಳು. ಅಜ್ಜಿ ಆ ವೇಳೆಗೆ ತೀರಿಕೊಂಡಿದ್ದಳು.

ಆ ವರ್ಷದ ದಸರೆ ಬಂದಿತು. ನಮ್ಮಲ್ಲಿ ಬನ್ನಿ ಕೊಟ್ಟು ಬಂಗಾರವೆನ್ನುವಂತೆ ಇಲ್ಲಿ ಆಪಟೆಯ ಎಲೆ ಕೊಟ್ಟು ಸೋನೆ ಎನ್ನುತ್ತಾರೆ. ಸಂಜೆಗೆ ಪರ್ವತಿಯಿಂದ ಆ ಗೃಹಿಣಿ ನಮ್ಮನ್ನು ಹುಡುಕಿಕೊಂಡು ಬಂದು, ತಾಯಿಯ ಕೈಯಲ್ಲಿ ಎಲೆಯನ್ನೂ ಅದರೊಡನೆ ಒಂದು ಕಾಗದದ ಪೊಟ್ಟಣವನ್ನೂ ಇಟ್ಟು, “ವಹಿನಿ, ಸೋನೆ ತೆಗೆದುಕೊಳ್ಳಿ, ಇದು ನಿಮ್ಮ ತವರಿನದೇ. ಗೌರಿಗೆಂದು ಕೀಳುವಾಗ ನಾಲ್ಕು ಗಿಡ ಬೀಜಕ್ಕೆಂದು ಬಿಟ್ಟಿದ್ದೆ” ಎಂದರು. ಅವರು ಹೋದ ಮೇಲೆ ತಾಯಿ ನನಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ನಮ್ಮ ಡಬ್ಬಿ ಹೊಳಿ ಪಾಲಾತು, ವೈನಿ ಕೈಯಾಗ ಕೊಟ್ಟದ್ದು ಉಳೀತು ನೋಡು.” ಮುಂದೆ ಎಷ್ಟೋ ವರ್ಷಗಳ ಮೇಲೆ ಧಾರವಾಡದ ಮನೆ ಮಾರಿ ಅಲ್ಲಿಯೂ ಆ ತಳಿ ಇಲ್ಲವಾದಾಗ, ಸೋದರಮಾವನ ಮಕ್ಕಳಿಗೆ ಪುಣೆಯಿಂದಲೇ ಬೀಜ ಹೋಯಿತು.

ನಮ್ಮ ಮನೆಯ ಈ ಸಣ್ಣ ಸಂಗತಿಯನ್ನೇ ಲೋಕವು ದೊಡ್ಡ ಪ್ರಮಾಣದಲ್ಲಿ ಕಂಡಿದೆ. ಉತ್ತರ ಧ್ರುವದ ಸಮೀಪದ ಸ್ವಾಲ್ಬಾರ್ಡ್ ದ್ವೀಪದಲ್ಲಿ, ಬೆಟ್ಟದ ಒಡಲಲ್ಲಿ, 2008ರಲ್ಲಿ ಒಂದು ಬೀಜಭಂಡಾರವನ್ನು ತೆರೆದರು. ಅಲ್ಲಿ ನಾನಾ ದೇಶಗಳ ಪೈರಿನ ಬೀಜಗಳ ಪ್ರತಿಗಳನ್ನು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡುತ್ತಾರೆ. ಸಿರಿಯಾ ದೇಶದ ಅಲೆಪ್ಪೋ ನಗರದ ಬಳಿಯಿದ್ದ ಇಕಾರ್ಡಾ ಎಂಬ ಕೃಷಿ ಸಂಶೋಧನ ಸಂಸ್ಥೆಯು ತನ್ನ ಬೀಜಗಳ ಪ್ರತಿಯನ್ನು ಅಲ್ಲಿಗೆ ಕಳುಹಿಸಿತ್ತು. ಯುದ್ಧದಿಂದ ಸ್ವಂತ ಭಂಡಾರ ಕೈಗೆ ನಿಲುಕದಂತಾದಾಗ, 2015ರಲ್ಲಿ ಆ ಸಂಸ್ಥೆ ತನ್ನ ಬೀಜವನ್ನು ಮರಳಿ ಕೇಳಿತು. ಲೆಬನಾನ್ ಮೊರಾಕ್ಕೋಗಳಲ್ಲಿ ಬಿತ್ತಿ ಬೆಳೆದು, 2017ರಲ್ಲಿ ಹೊಸ ಬೀಜವನ್ನು ತಿರುಗಿ ಇಟ್ಟಿತು. ಪರ್ವತಿಯ ಬುಡದ ಆ ಗೃಹಿಣಿ ಮಾಡಿದುದೂ ಇದನ್ನೇ ಅಲ್ಲವೆ?

ಆದರೆ ಕೊಡುವುದರಲ್ಲಿಯೂ ವಿವೇಕ ಬೇಕು. ರೋಗ ಹಿಡಿದ ಸಸಿಯನ್ನು ಯಾರಿಗೂ ಕೊಡಬಾರದು. ಪರದೇಶದಿಂದ ಬೀಜವನ್ನು ಕಿಸೆಯಲ್ಲಿ ಹಾಕಿಕೊಂಡು ಬರುವುದೂ ಸಲ್ಲದು. 2003ರ ಸಸ್ಯ ಕ್ವಾರಂಟೈನ್ ಆದೇಶ ಅದನ್ನು ನಿರ್ಬಂಧಿಸಿದೆ. ಈ ನಿರ್ಬಂಧದ ಅರ್ಥ ಪುಣೆಯವರಿಗೆ ಚೆನ್ನಾಗಿ ತಿಳಿಯಬೇಕು. ದೇಶವನ್ನೆಲ್ಲ ವ್ಯಾಪಿಸಿ ಹೊಲಗಳನ್ನು ಕೆಡಿಸಿ ಮೈಗೆ ತುರಿಕೆ ತರುವ ಪಾರ್ಥೇನಿಯಮ್, ನಮ್ಮ ಜನ ಕಾಂಗ್ರೆಸ್ ಕಳೆ ಎನ್ನುವ ಆ ಗಿಡ, ನಮ್ಮ ದೇಶದಲ್ಲಿ ಜನರ ಗಮನಕ್ಕೆ ಮೊದಲು ಬಂದುದು 1950ರ ದಶಕದ ಮಧ್ಯದಲ್ಲಿ, ಇದೇ ಪುಣೆಯಲ್ಲಿ.

ವಿದ್ಯಾರ್ಥಿಮಿತ್ರರೇ, ಬೀಜ ಹಿಡಿಯುವುದು ಕಷ್ಟವಲ್ಲ. ಚೆನ್ನಾದ ಗಿಡದ ಮೇಲೆ ಒಂದೆರಡು ಹೂಗಳನ್ನು ಕೊಯ್ಯದೆ ಬಿಟ್ಟು, ಅವು ಗಿಡದಲ್ಲಿಯೇ ಬಲಿತ ಮೇಲೆ ತೆಗೆದು ನೆರಳಿನಲ್ಲಿ ಒಣಗಿಸಿ. ಪೇಟೆಯಲ್ಲಿ ಎಫ್-1 ಎಂದು ಬರೆದ ಸಂಕರ ಬೀಜದ ಗಿಡಗಳಿಂದ ಮಾತ್ರ ಬೀಜ ಹಿಡಿಯಬೇಡಿ. ಮರುವರ್ಷ ತಾಯಿಯಂಥ ಹೂ ಬರುವುದಿಲ್ಲ. ಬೀಜದ ಆಯುಷ್ಯ ಒಣಗಿನಲ್ಲಿಯೂ ತಂಪಿನಲ್ಲಿಯೂ ಇದೆ. ಒಳಗಿನ ತೇವ ಶೇಕಡಾ ಒಂದು ಇಳಿದರೆ, ಇಲ್ಲವೆ ಇಟ್ಟ ಸ್ಥಳದ ಉಷ್ಣತೆ ಐದು ಡಿಗ್ರಿ ಇಳಿದರೆ, ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆಂದು ತಜ್ಞರು ಹೇಳುತ್ತಾರೆ. ಆದುದರಿಂದ ಹುರಿದು ಆರಿಸಿದ ನಾಲ್ಕು ಅಕ್ಕಿಕಾಳು ಹಾಕಿದ ಶೀಶೆಯಲ್ಲಿ ಅದನ್ನು ಬಿಗಿಯಾಗಿ ಮುಚ್ಚಿಡಿರಿ. ಪೊಟ್ಟಣದ ಮೇಲೆ ಹೂವಿನ ಹೆಸರನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಿರಿ. ಹಿಡಿದ ತಿಂಗಳು, ವರ್ಷ ಬರೆಯಿರಿ. ನಿಮಗೆ ಅದನ್ನು ಕೊಟ್ಟವರು ಯಾರೆಂಬುದನ್ನೂ ಮರೆಯದೆ ಬರೆಯಿರಿ. ಮುಂದಿನ ಮೃಗಶಿರಾ ಮಳೆಗೆ ಶಾಲೆ ತೆರೆದಾಗ ನಿಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಪೊಟ್ಟಣ ತಂದು ಬದಲಾಯಿಸಿಕೊಂಡರೆ, ದಸರೆಯ ಹೊತ್ತಿಗೆ ಈ ಊರಿನ ಎಷ್ಟು ಮನೆಗಳಲ್ಲಿ ಎಷ್ಟು ಹೂ ಅರಳಬಹುದೆಂಬ ಲೆಕ್ಕವನ್ನು ನಿಮ್ಮ ಗಣಿತದ ಗುರುಗಳ ಬಳಿ ಕೇಳಿರಿ. ಆ ಲೆಕ್ಕ ತಪ್ಪಿದರೂ ಚಿಂತೆಯಿಲ್ಲ, ಬಿತ್ತನೆ ತಪ್ಪದಿರಲಿ.