ಸಲಹೆಯ ಸೌಜನ್ಯ

ಇಂಗ್ಲಿಷಿನಲ್ಲಿ ಸಲಹೆಯು ಬಹುಮಟ್ಟಿಗೆ ಪ್ರಶ್ನೆಯ ರೂಪದಲ್ಲಿಯೇ ಬರುವುದು. 'ವೈ ಡೋಂಟ್ ವಿ ವಾಕ್?' ಎಂದವನು ನಡೆಯದಿರುವುದಕ್ಕೆ ಕಾರಣವನ್ನು ಕೇಳುತ್ತಿಲ್ಲ; 'ನಡೆದೇ ಹೋಗಬಾರದೇ?' ಎನ್ನುತ್ತಿದ್ದಾನೆ. ಪದಕ್ಕೆ ಪದವನ್ನಿಟ್ಟು ಅರ್ಥಮಾಡುವ ವಿದ್ಯಾರ್ಥಿಯು ತನ್ನ ಕಾಲುನೋವನ್ನು ವಿವರಿಸತೊಡಗಿ, ಸ್ನೇಹದ ಕರೆಯನ್ನು ವಿಚಾರಣೆಯನ್ನಾಗಿ ಮಾಡಿಬಿಡುವನು.

ಪಾಣಿನಿಯು ಲಿಙ್ ಎಂಬ ಕ್ರಿಯಾರೂಪಕ್ಕೆ ಹೇಳಿರುವ 6 ಅರ್ಥಗಳಲ್ಲಿ ನಿಮಂತ್ರಣವೂ ಆಮಂತ್ರಣವೂ ಬೇರೆಬೇರೆ. ನಿಮಂತ್ರಣವನ್ನು ಮೀರುವಂತಿಲ್ಲವೆಂದೂ, ಆಮಂತ್ರಣದಲ್ಲಿ ಕರೆಯಲ್ಪಟ್ಟವನ ಇಚ್ಛೆಯೇ ಪ್ರಮಾಣವೆಂದೂ ವ್ಯಾಖ್ಯಾನಕಾರರು ವಿವೇಚಿಸಿರುವರು. ಆಂಗ್ಲರ ಈ ಸಲಹೆಯು ಆಮಂತ್ರಣದ ಜಾತಿಗೆ ಸೇರಿದುದು. ಒಪ್ಪಿದವನು 'ಯೆಸ್, ಲೆಟ್ಸ್' ಎಂದರೆ ಸಾಕು. ಒಪ್ಪದವನು ಬರಿಯ 'ನೋ' ಎಂದರೆ ಕರೆದವನ ಮುಖ ಬಾಡೀತು. ಆದುದರಿಂದ 'ಐ ಆಮ್ ಅಫ್ರೇಡ್ ಐ ಕಾಂಟ್' ಎನ್ನುವನು. ಅಲ್ಲಿರುವುದು ಭಯವಲ್ಲ, ವಿನಯ. ನಿರಾಕರಿಸುವ ಸ್ವಾತಂತ್ರ್ಯವನ್ನು ಉಳಿಸಿಕೊಟ್ಟವನಿಗೆ ಸಲ್ಲತಕ್ಕ ಮರ್ಯಾದೆ.