ಗಾರ್ಡಿನ ಗಡಿಯಾರ

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚೀಟಿ ಇವುಗಳನ್ನು ಕೂಡಿಡುವವರು ಊರೂರಿಗೂ ಇದ್ದಾರೆ. ರೈಲ್ವೆ ನೌಕರರು ಬಳಸಿದ ಜೇಬುಗಡಿಯಾರಗಳನ್ನು ಕೂಡಿಡುವವರು ವಿರಳ. ಬೆಂಗಳೂರಿನ ದಕ್ಷಿಣದಂಚಿನ ಉತ್ತರಹಳ್ಳಿಯಲ್ಲಿ ಅಂತಹ ಹಿರಿಯರೊಬ್ಬರಿದ್ದಾರೆ. ಅವರ ತಂದೆ ರೈಲು ಗಾರ್ಡರಾಗಿದ್ದವರು. ಮನೆಯ ಬೀರುವಿನಲ್ಲಿ ಹನ್ನೊಂದು ಗಡಿಯಾರಗಳು ಹತ್ತಿಯ ಮೇಲೆ ಮಲಗಿವೆ.

ಕೈಗೊಂದು ಗಡಿಯಾರವಿರುವ ಈ ಕಾಲದಲ್ಲಿ ಇವುಗಳ ಹಿರಿಮೆ ಸುಲಭವಾಗಿ ತಿಳಿಯದು. ರೈಲು ಬರುವ ಮುನ್ನ ಒಂದೊಂದು ಊರಿಗೂ ಅದರದೇ ಹೊತ್ತು. ನೆತ್ತಿಯ ಮೇಲಿನ ಸೂರ್ಯನೇ ಪ್ರಮಾಣ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಊರಿಗೊಂದು ಹೊತ್ತನ್ನು ನಂಬಿ ರೈಲು ಓಡಿಸಲಾದೀತೆ? ಆದುದರಿಂದ ಭಾರತದ ರೈಲುಗಳು ಬಹುಕಾಲ ಮದರಾಸಿನ ವೇಳೆಯನ್ನು ಅನುಸರಿಸಿದವು. 1905-06ರಲ್ಲಿ ಇಂದಿನ ಭಾರತೀಯ ಕಾಲಮಾನ ಬಳಕೆಗೆ ಬಂದಾಗ ಮುಳ್ಳುಗಳನ್ನು ಸುಮಾರು ಒಂಬತ್ತು ನಿಮಿಷ ಮುಂದಕ್ಕೆ ತಿರುಗಿಸಬೇಕಾಯಿತು.

ಒಂದೇ ಹಳಿಯ ಮೇಲೆ ಎದುರುಬದುರಾಗಿ ರೈಲುಗಳು ಬರುವೆಡೆ ನಿಮಿಷದ ಬೆಲೆ ಎಷ್ಟೆಂಬುದನ್ನು ಅಮೆರಿಕ ದೇಶ ಕಹಿಯಾಗಿ ಕಲಿಯಿತು. 1891ರ ಏಪ್ರಿಲ್ ತಿಂಗಳಲ್ಲಿ ಒಹಾಯೊ ರಾಜ್ಯದ ಕಿಪ್ಟನ್ ಎಂಬಲ್ಲಿ ಅಂಚೆಯ ರೈಲೊಂದು ಪ್ರಯಾಣಿಕರ ರೈಲಿಗೆ ಡಿಕ್ಕಿ ಹೊಡೆದು ಹಲವರು ಸತ್ತರು. ಚಾಲಕನೊಬ್ಬನ ಗಡಿಯಾರ ನಾಲ್ಕು ನಿಮಿಷ ನಿಂತು, ಅವನಿಗೆ ತಿಳಿಯದಂತೆ ಮತ್ತೆ ನಡೆದಿತ್ತೆಂದು ಹೇಳುತ್ತಾರೆ. ಆ ಬಳಿಕ ವೆಬ್ ಬಾಲ್ ಎಂಬ ಗಡಿಯಾರ ವ್ಯಾಪಾರಿಯ ಮುಂದಾಳುತನದಲ್ಲಿ ಕಟ್ಟುನಿಟ್ಟಿನ ನಿಯಮಗಳು ಬಂದವು. ವಾರಕ್ಕೆ ಮೂವತ್ತು ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು. ಅಂಕಿಗಳು ದಪ್ಪವಾಗಿ, ಒಂದೇ ನೋಟಕ್ಕೆ ಕಾಣಬೇಕು. ಚಕ್ರಗಳ ಅಚ್ಚು ಸವೆಯದಂತೆ ಒಳಗೆ ಕನಿಷ್ಠ ಹದಿನೇಳು ಹರಳುಗಳಿರಬೇಕು. ಇವೆಲ್ಲಕ್ಕಿಂತ ಜಾಣತನದ್ದು ಮತ್ತೊಂದು: ಮುಳ್ಳು ತಿರುಗಿಸಬೇಕಾದರೆ ಮೊದಲು ಗಾಜಿನ ಮುಚ್ಚಳವನ್ನು ಬಿಚ್ಚಿ ಒಳಗಿನ ಪುಟ್ಟ ಸನ್ನೆಯನ್ನು ಎಳೆಯಬೇಕು. ಜೇಬಿನಿಂದ ತೆಗೆಯುವಾಗ ಬೆರಳು ತಗಲಿ ಹೊತ್ತು ಕೆಡುವಂತಿಲ್ಲ!

ಹಿಂಬದಿಯಲ್ಲಿ ಹೊಗೆಯುಗುಳುವ ಎಂಜಿನ್ನಿನ ಚಿತ್ರವಿದ್ದರೆ ಅದೇ ರೈಲ್ವೆ ಗಡಿಯಾರವೆಂದು ಕೊಳ್ಳುವವರು ನಂಬುತ್ತಾರೆ. ಅಂತಹ ಚಿತ್ರ ಅಗ್ಗದ ಗಡಿಯಾರಗಳಿಗೆ ಶೋಭೆ. ಕೆಲಸದ ಗಡಿಯಾರಕ್ಕೆ ಚಿತ್ರದ ಗೊಡವೆಯಿಲ್ಲ. ಅದರ ಬೆನ್ನ ಮೇಲೆ ರೈಲ್ವೆಯ ಹೆಸರಿನ ಮೊದಲಕ್ಷರಗಳು, ಒಂದು ಸಂಖ್ಯೆ, ಇಷ್ಟೆ. ಉತ್ತರಹಳ್ಳಿಯ ಬೀರುವಿನಲ್ಲಿರುವ ಒಂದರ ಮೇಲೆ ಮದರಾಸು ಮತ್ತು ದಕ್ಷಿಣ ಮರಾಠ ರೈಲ್ವೆಯ ಅಕ್ಷರಗಳಿವೆ. 1908ರಲ್ಲಿ ಹುಟ್ಟಿದ ಆ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಚಿಕ್ಕಪೇಟೆಯ ಗುಜರಿ ರಾಶಿಯಲ್ಲಿ ಸಿಕ್ಕಿದ ಇದನ್ನು ಹೊತ್ತು ತಿರುಗಿದ ಗಾರ್ಡು ಯಾರೋ! ಬೆಳ್ಳಿಯ ಕವಚವಾಗಿದ್ದರೆ ಎಂದೋ ಕರಗಿಹೋಗುತ್ತಿತ್ತು, ನಿಕ್ಕಲ್ಲಿನದಾದ್ದರಿಂದ ಉಳಿಯಿತು.

ತಂದೆಯವರ ಗಡಿಯಾರವೂ ಇದೇ ಮಾದರಿಯದು. ಕೆಳಗೆ ಬಿದ್ದು, ಅತ್ತಿತ್ತ ತೂಗುವ ಚಕ್ರದ ಕೂದಲೆಳೆಯಂತಹ ಅಚ್ಚು ಮುರಿದು, ಅದು ನಿಂತಿದೆ. ಹೊಸ ಅಚ್ಚು ಎಲ್ಲಿಯೂ ದೊರೆಯದು. ಗುಜರಿಯ ಗಡಿಯಾರದಿಂದ ಚಕ್ರವನ್ನು ತೆಗೆದು ಹಾಕಿದರೆ ತಂದೆಯ ಗಡಿಯಾರ ನಡೆದೀತೆಂದು ರಿಪೇರಿಯವರು ಹೇಳಿದರು. ಮನೆಯವರೂ ಒತ್ತಾಯಿಸಿದರು. ಹಿರಿಯರು ಎರಡನ್ನೂ ಅಂಗೈಗಳಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದರು. ಬಳಿಕ ಎರಡನ್ನೂ ಬೀರುವಿಗೇ ಮರಳಿಸಿದರು. ಈಗ ದಿನವೂ ಬೆಳಗ್ಗೆ ಅವರು ಕೀಲಿ ಕೊಡುವುದು ಆ ಅಪರಿಚಿತ ಗಾರ್ಡಿನ ಗಡಿಯಾರಕ್ಕೆ. ಪಕ್ಕದಲ್ಲಿ ತಂದೆಯದು ನಾಲ್ಕೂ ಹತ್ತು ತೋರಿಸುತ್ತ ಮಲಗಿದೆ.