ಡ್ರೋನ್ ಹಾರಿಸುವ ಮೊದಲು ಕೆರೆ ಸುತ್ತಬೇಕು

ಸೆಮಿಸ್ಟರ್ ಶುರುವಾಗಿ ಒಂದು ವಾರವಾಯಿತು. ಹನ್ನೆರಡು ವಿದ್ಯಾರ್ಥಿಗಳ ಜೊತೆ ಸೇರಿ ನಮ್ಮೂರ ಕೆರೆಯನ್ನು, ಅದಕ್ಕೆ ನೀರು ತರುವ ರಾಜಕಾಲುವೆಯನ್ನು ಡ್ರೋನ್‌ನಿಂದ ನಕ್ಷೆ ಮಾಡೋಣ ಅಂತ ಹೊರಟಿದ್ದೇವೆ. ಡ್ರೋನ್ ಅಂದ್ರೆ ಮದುವೆ ವಿಡಿಯೋ ಅಂತಲೇ ನಂಬಿರುವ ಊರು ನಮ್ಮದು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಯಾವಾಗ ಹಾರಿಸ್ತೀರಿ?"

ಆರನೇ ವಾರ ಅಂದರೆ ನಗುತ್ತಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಂತೆ ಕಾಣಬಹುದು. ಆದರೆ ಈ ಕೆಲಸದಲ್ಲಿ ಕುಲಾವಿಯೇ ಮೊದಲು.

ಲೆಕ್ಕ ಹೀಗಿದೆ. ಕೆರೆ ಸುಮಾರು 50 ಎಕರೆ. 60 ಮೀಟರ್ ಎತ್ತರದಿಂದ ಚಿತ್ರ ತೆಗೆದರೆ ಒಂದೊಂದು ಚುಕ್ಕಿಯೂ ನೆಲದ ಮೇಲಿನ ಸುಮಾರು 2 ಸೆಂ.ಮೀ.ಗೆ ಸಮ. ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನ ಫೋಟೋದಲ್ಲೂ ಇದ್ದರೆ ಮಾತ್ರ ಸಾಫ್ಟ್‌ವೇರ್ ಎರಡನ್ನೂ ಸರಿಯಾಗಿ ಜೋಡಿಸುತ್ತದೆ. ಅಂದರೆ ಸುಮಾರು 600 ಫೋಟೋ, ಎರಡು ಮೂರು ಬ್ಯಾಟರಿ. ಜೋಡಿಸಲು ಓಪನ್‌ಡ್ರೋನ್‌ಮ್ಯಾಪ್, ಗುರುತು ಹಾಕಲು ಕ್ಯೂಜಿಐಎಸ್. ಎರಡೂ ಉಚಿತ. ಅಲೆಯಾಡುವ ನೀರಿನ ಫೋಟೋಗಳು ಜೋಡಣೆಗೆ ಒಗ್ಗುವುದಿಲ್ಲ. ಅದಕ್ಕೇ ನೀರು ಇಳಿದು ಅಂಗಳ ಕಾಣುವ ಬೇಸಿಗೆಯನ್ನೇ ಕಾಯುತ್ತಿದ್ದೇವೆ.

ಕಾನೂನೂ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಾಟಕ್ಕೆ ಅನುಮತಿ ಬೇಡ. ನಮ್ಮೂರು ಯಾವ ವಲಯದಲ್ಲಿದೆ ಅಂತ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡುವುದೇ ವಿದ್ಯಾರ್ಥಿಗಳ ಮೊದಲ ಹೋಂವರ್ಕ್.

ಇಷ್ಟೆಲ್ಲ ಸುಲಭದ ಭಾಗ. ಕಷ್ಟದ್ದು ಎರಡನೇ ಸಭೆಯಲ್ಲಿ ಬಂತು. ರಾಜಕಾಲುವೆ ಕೆಲವು ಕಡೆ ಹೂಳು ತುಂಬಿದೆ, ಇನ್ನು ಕೆಲವು ಕಡೆ ಹೊಲವೇ ಆಗಿಬಿಟ್ಟಿದೆ. ಮಳೆ ಬಂದರೂ ನೀರು ಕೆರೆ ಸೇರುವುದಿಲ್ಲ, ಬೋರ್‌ವೆಲ್‌ಗಳು ಬತ್ತುತ್ತಿವೆ. ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ನಮ್ಮಪ್ಪನ ಹೊಲ ಕಾಲುವೆ ದಾರೀಲೇ ಇದೆ. ನಕ್ಷೆ ಬಂದ ಮೇಲೆ ನಮ್ಮನ್ನ ಎಬ್ಬಿಸ್ತಾರಾ?"

ಯಾರೂ ತಕ್ಷಣ ಮಾತಾಡಲಿಲ್ಲ.

ಸ್ವಾಮಿತ್ವ ಯೋಜನೆ ನಿಮಗೆ ನೆನಪಿರಬಹುದು. 2020ರ ಏಪ್ರಿಲ್ 24ರಂದು ಶುರುವಾದದ್ದು. ಅಲ್ಲಿ ಡ್ರೋನ್ ಬರುವ ಮೊದಲು ಮನೆ, ಹಿತ್ತಿಲುಗಳ ಅಂಚಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಯಾಕೆ? ಕ್ಯಾಮೆರಾಗೆ ಗೋಡೆ ಕಾಣುತ್ತದೆ, ಗೋಡೆ ಯಾರದು ಅನ್ನೋದು ಕಾಣುವುದಿಲ್ಲ. ಅದನ್ನು ನೆಲದ ಮೇಲೆ ನಿಂತವರೇ ಹೇಳಬೇಕು.

ಆ ಪ್ರಶ್ನೆಯಿಂದಲೇ ನಮ್ಮ ಯೋಜನೆಯ ನಿಯಮಗಳು ಹುಟ್ಟಿದವು. ಮೊದಲ ಮೂರು ವಾರ ಕಾಲುವೆಗುಂಟ ನಡಿಗೆ. ಜೊತೆಗೆ ತೂಬು, ಕೋಡಿ ಬಲ್ಲ ಹಿರಿಯರು. ಆಮೇಲೆ ಗ್ರಾಮಸಭೆಯಲ್ಲಿ ವಿಷಯ ಇಟ್ಟು ಒಪ್ಪಿಗೆ ಕೇಳುವುದು. ಹಾರಿಸುವ ದಿನ, ಹೊತ್ತು ಎರಡನ್ನೂ ಹಿಂದಿನ ದಿನವೇ ಡಂಗುರ ಸಾರಿಸುವುದು. ಬಟ್ಟೆ ಒಗೆಯಲು ಹೆಂಗಸರು ಬರುವ ಹೊತ್ತಿಗೆ ಡ್ರೋನ್ ಕೆಳಗಿರಬೇಕು. ನಕ್ಷೆಯಲ್ಲಿ ನೀರು ಎಲ್ಲಿ ನಿಲ್ಲುತ್ತಿದೆ ಅನ್ನುವ ಗುರುತು ಇರುತ್ತದೆ, ಯಾರ ಹೆಸರೂ ಇರುವುದಿಲ್ಲ. ಒತ್ತುವರಿ ಹೌದೋ ಅಲ್ಲವೋ ಅಂತ ಅಳೆದು ಹೇಳುವುದು ಸರ್ಕಾರಿ ಭೂಮಾಪಕರ ಕೆಲಸ, ನಮ್ಮದಲ್ಲ.

ಇದರಿಂದ ಆ ಹುಡುಗಿಯ ಭಯ ಪೂರ್ತಿ ಹೋಗಿಲ್ಲ. ಹೆಸರಿಲ್ಲದಿದ್ದರೂ ಊರಿನವರಿಗೆ ಹೊಲ ಯಾರದು ಅಂತ ಗೊತ್ತಾಗುತ್ತದೆ. ಅದನ್ನು ಅವಳಿಂದ ಮುಚ್ಚಿಟ್ಟಿಲ್ಲ. ಬೇಕಾದರೆ ತಂಡ ಬಿಡಬಹುದು ಅಂತಲೂ ಹೇಳಿದೆವು. ಅವಳು ಬಿಡಲಿಲ್ಲ. ಕಾಲುವೆ ನಡಿಗೆಗೆ ಅಪ್ಪನನ್ನೂ ಕರೆತರುತ್ತೇನೆ ಅಂದಳು. ಕೆರೆ ಬತ್ತಿದರೆ ಅವರ ಬೋರ್‌ವೆಲ್ಲೂ ಬತ್ತುತ್ತದೆ ತಾನೇ?

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಏರಿಯಿಂದ ಹೊರಡುತ್ತೇವೆ. ನಿಮ್ಮೂರ ಕಾಲುವೆ ಎಲ್ಲಿಂದ ಬರುತ್ತದೆ, ಎಲ್ಲಿ ಕಳೆದುಹೋಗುತ್ತದೆ ಅಂತ ನೀವೂ ಒಮ್ಮೆ ನಡೆದು ನೋಡಿ. ಅದಕ್ಕೆ ಡ್ರೋನ್ ಬೇಕಾಗಿಲ್ಲ.